ಅಪ್ಪನ ಪಾದಯಾತ್ರೆಗೆ ಟೆಂಟು ಹುಡುಕಿದ್ದು

"ಈ ಸಲಾನೂ ನಡ್ಕಂಡೇ ಹೋಗೋದು. ಬಸ್ಸು ಗಿಸ್ಸು ಅನ್ಬೇಡ ನನ್ತಾವ."

ಅಪ್ಪ ಹೀಗಂದಾಗ ಆಯುಧಪೂಜೆ ಮುಗಿದು ಎರಡು ದಿನ ಆಗಿತ್ತು. ದೀಪಾವಳಿಗೆ ಪೂರ್ತಿ ಮೂರು ವಾರವೂ ಉಳಿದಿರಲಿಲ್ಲ. ನಾನು ಒಂದು ಅಪಘಾತದ ಸುದ್ದಿ ಟೈಪ್ ಮಾಡುತ್ತಿದ್ದೆ. ಮೊಬೈಲು ಕೆಳಗಿಟ್ಟೆ. ಅಪ್ಪನಿಗೆ ಅರವತ್ತೊಂಬತ್ತು. ಹೋದ ವರ್ಷ ಇದೇ ಪಾದಯಾತ್ರೆಯಿಂದ ಬಂದ ಮೂರನೇ ದಿನಕ್ಕೆ ಜ್ವರ ಹಿಡಿದು, ಅದು ನ್ಯುಮೋನಿಯಾ ಅಂತಾಗಿ, ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. "ಇನ್ನು ಮೇಲೆ ಇವರನ್ನ ಥಂಡಿಗೆ, ಒದ್ದೆಗೆ ಬಿಡಬೇಡಿ" ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದು ಅಪ್ಪನಿಗೂ ಗೊತ್ತು.

ಆದರೆ ಬೇಡ ಅನ್ನುವ ಬಾಯಿ ನನಗಿಲ್ಲ. 2018ರಲ್ಲಿ ನಾನು ಒಂದು ಸುದ್ದಿಗೆ ಹೋಗಿ ರಾತ್ರಿ ವಾಪಸ್ ಬರುವಾಗ ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದೆ. ಎರಡು ದಿನ ಎಚ್ಚರ ಇರಲಿಲ್ಲ. ಆಗ ಅವ್ವ ಮಾದಪ್ಪನಿಗೆ ಹರಕೆ ಹೊತ್ತಳು: ಮಗ ಎದ್ದು ಕೂತರೆ ಏಳು ದೀಪಾವಳಿ ಗಂಡ ಹೆಂಡತಿ ಇಬ್ಬರೂ ಬರಿಗಾಲಲ್ಲಿ ನಡೆದು ಬೆಟ್ಟಕ್ಕೆ ಬರುತ್ತೇವೆ ಅಂತ. ಕೊರೋನಾ ವರ್ಷ ಲೆಕ್ಕಕ್ಕಿಲ್ಲ. ಐದು ವರ್ಷ ಇಬ್ಬರೂ ನಡೆದರು. ಹೋದ ವರ್ಷ ಯುಗಾದಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಆರನೆಯದಕ್ಕೆ ಅಪ್ಪ ಊರಿನ ಗುಂಪಿನ ಜೊತೆ ಒಬ್ಬರೇ ಹೋದರು. ಈಗ ಉಳಿದಿದ್ದು ಒಂದೇ ಒಂದು. ನನ್ನ ತಲೆಗೆ ಹೊತ್ತ ಹರಕೆಯನ್ನು ನಾನೇ ಬೇಡ ಅನ್ನೋದು ಹೇಗೆ?

"ಆಗ್ಲಪ್ಪ, ನಾನೂ ಬತ್ತೀನಿ. ಆದ್ರೆ ಮಲಗೋದು ನಾನು ಹೇಳಿದ ಕಡೆ" ಅಂದೆ. ಅಲ್ಲಿಂದ ಶುರುವಾಯಿತು ಈ ಟೆಂಟಿನ ಕತೆ.

ಹೋದ ವರ್ಷ ಏನಾಗಿತ್ತು ಅನ್ನೋದನ್ನ ಮೊದಲು ಹೇಳಬೇಕು. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ, ಆಮೇಲೆ ಕಾಡು ಮತ್ತು ಬೆಟ್ಟ. ಹುಡುಗರು ಎರಡು ದಿನದಲ್ಲಿ ಮುಗಿಸುತ್ತಾರೆ, ವಯಸ್ಸಾದವರಿಗೆ ಮೂರು ದಿನ, ಎರಡು ರಾತ್ರಿ. ನಮ್ಮ ಕಡೆ ಹಿಂಗಾರೂ ಜೋರು ಅನ್ನೋದು ನಿಮಗೆ ಗೊತ್ತೇ ಇದೆ. ದೀಪಾವಳಿ ಹೊತ್ತಿಗೆ ಚಿತ್ತೆಯೋ ಸ್ವಾತಿಯೋ ಇದ್ದೇ ಇರುತ್ತೆ. ಹೋದ ವರ್ಷ ಎರಡನೇ ರಾತ್ರಿ ಕೌದಳ್ಳಿ ದಾಟಿದ ಮೇಲೆ ಎರಡು ಹುಣಸೆ ಮರದ ನಡುವೆ ನೀಲಿ ಟಾರ್ಪಾಲು ಕಟ್ಟಿ ಹದಿನೈದು ಜನ ಮಲಗಿದ್ದರಂತೆ. ಸ್ವಾತಿ ಮಳೆ ಹಿಡಿಯಿತು. ಟಾರ್ಪಾಲು ಮೇಲಿಂದ ಒಂದು ಹನಿಯನ್ನೂ ಬಿಡಲಿಲ್ಲ. ನೀರು ಬಂದದ್ದು ಕೆಳಗಿಂದ. ಇಳಿಜಾರಿನ ನೀರೆಲ್ಲ ಚಾಪೆಯ ಅಡಿಗೆ ಹರಿದು, ಕಂಬಳಿ ನೆನೆದು, ಅಪ್ಪ ಬೆಳಗಿನ ಜಾವದವರೆಗೆ ಕುಕ್ಕರುಗಾಲಲ್ಲಿ ಕೂತಿದ್ದರು.

ಟಾರ್ಪಾಲನ್ನು ನಾನು ಹೀಗಳೆಯುತ್ತಿಲ್ಲ. ಬಿಸಿಲಿಗೆ, ಇಬ್ಬನಿಗೆ, ಹದಿನೈದು ಜನಕ್ಕೆ ಒಟ್ಟಿಗೆ ಅದಕ್ಕಿಂತ ಸಸ್ತಾ ಸೂರು ಇನ್ನೊಂದಿಲ್ಲ. ಆದರೆ ಅದು ಸೂರು ಮಾತ್ರ. ಗೋಡೆಯೂ ಅಲ್ಲ, ನೆಲವೂ ಅಲ್ಲ.

ಟೆಂಟು ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪನಿಗೆ ಟೆಂಟು ಅಂದರೆ ಟೆಂಟ್ ಸಿನಿಮಾ, ರಾಜ್‌ಕುಮಾರ್ ಪಿಕ್ಚರು, ಮರಳಿನ ಮೇಲೆ ಕೂತು ನೋಡೋದು. ನನಗೆ ಟೆಂಟು ಅಂದರೆ ಸುದ್ದಿಗೆ ಹೋದಾಗ ಕಾಣುವ ಕಬ್ಬು ಕಡಿಯುವ ಗ್ಯಾಂಗಿನವರ ಗುಡಾರ. ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾಮ, ಲಿಂಕ್ ಕಳಿಸ್ತೀನಿ, ಎರಡು ಸೆಕೆಂಡಲ್ಲಿ ತಂತಾನೇ ಓಪನ್ ಆಗ್ತದೆ" ಅಂದ. ಕಳಿಸಿದ. ನಾಲ್ಕು ಜನದ್ದು, ಸಾವಿರದ ಆರುನೂರು ರೂಪಾಯಿ. ಫೋಟೋದಲ್ಲಿ ಗಂಡ ಹೆಂಡತಿ ಎರಡು ಮಕ್ಕಳು ಕೂತು ನಗುತ್ತಿದ್ದರು. ತರಿಸಿಬಿಟ್ಟೆ.

ಬಂದದ್ದು ದುಂಡಗಿನ ಚೀಲ, ಹುಳ ಮೇಯಿಸುವ ತಟ್ಟೆಯಷ್ಟು ಅಗಲ. ಅಂಗಳದಲ್ಲಿ ದಾರ ಬಿಚ್ಚಿದೆ. ಧಪ್ ಅಂತ ಎಗರಿ ನಿಂತಿತು. ಕರು ಹಗ್ಗ ಕಿತ್ತುಕೊಂಡು ಓಡಿತು. ಬೀದಿ ಮಕ್ಕಳೆಲ್ಲ ಸೇರಿದವು. ಬಿಚ್ಚಿದ್ದು ಎರಡು ಸೆಕೆಂಡೇ, ಅದರಲ್ಲಿ ಸುಳ್ಳಿಲ್ಲ. ಮಡಿಸೋದಕ್ಕೆ ನಾನೂ ಪಕ್ಕದ ಮನೆಯ ಇಬ್ಬರೂ ಸೇರಿ ಸಂಜೆವರೆಗೆ ಒದ್ದಾಡಿದೆವು. ಎಂಟರ ಆಕಾರಕ್ಕೆ ತಿರುಗಿಸಬೇಕು ಅಂತ ವಿಡಿಯೋದಲ್ಲಿ ತೋರಿಸುತ್ತಾನೆ. ನಮ್ಮ ಕೈಯಲ್ಲಿ ಅದು ಎಂಟಾಗಲಿಲ್ಲ. ಮಡಿಸಿದರೂ ಆ ಅಗಲದ ಚಕ್ರವನ್ನು ಬೆನ್ನಿಗೆ ಕಟ್ಟಿಕೊಂಡು ಎಂಬತ್ತು ಕಿಲೋಮೀಟರ್ ನಡೆಯೋದು ಆಗದ ಮಾತು. ಕಾರಿನಲ್ಲಿ ಹೋಗಿ ಕೆರೆ ಏರಿ ಮೇಲೆ ಒಂದು ಮಧ್ಯಾಹ್ನ ಕೂತು ಬರೋರಿಗೆ ಮಾಡಿದ ಸಾಮಾನು ಅದು.

ಹೆಂಗೂ ಬಿಚ್ಚಿದೆಯಲ್ಲ, ಒಂದು ರಾತ್ರಿ ಮಲಗಿ ನೋಡೋಣ ಅಂತ ಹಿಪ್ಪುನೇರಳೆ ತೋಟದ ಬದಿಗೆ ಹೊತ್ತುಕೊಂಡು ಹೋಗಿ ನಾನೂ ಅಪ್ಪನೂ ಮಲಗಿದೆವು. ಮಳೆ ಇರಲಿಲ್ಲ, ನಕ್ಷತ್ರ ಕಾಣುತ್ತಿತ್ತು. ಸೊಳ್ಳೆ ಬಾರದಿರಲಿ ಅಂತ ಜಿಪ್ಪು ಪೂರ್ತಿ ಎಳೆದೆ. ಬೆಳಗಿನ ಜಾವ ಮುಖದ ಮೇಲೆ ತಟಕ್ ಅಂತ ನೀರು ಬಿತ್ತು. ಟಾರ್ಚು ಹಾಕಿ ನೋಡಿದರೆ ಒಳಗಡೆಯ ಬಟ್ಟೆಯೆಲ್ಲ ಬೆವರಿದೆ. ಮುಟ್ಟಿದರೆ ಕೈ ಒದ್ದೆ. ಅಪ್ಪನ ಹೊದಿಕೆಯ ಮೇಲ್ಮೈ ತಣ್ಣಗೆ ಹಸಿಯಾಗಿತ್ತು. ಹರಿದಿದೆಯೇನೋ ಅಂತ ನಾನು ಹುಡುಕುತ್ತಿದ್ದರೆ ಅಪ್ಪ ಮಲಗಿದ್ದಲ್ಲಿಂದಲೇ ಹೇಳಿದರು:

"ಹರ್ದಿಲ್ಲ ಕನ್ಲಾ. ಹುಳದ ಮನೆ ಕಿಟ್ಕಿ ಮುಚ್ಚಿದಂಗೆ ಆಗದೆ. ಗಾಳಿ ಆಡ್ನಿಲ್ಲ ಅಂದ್ರೆ ನಮ್ಮುಸ್ರೇ ನೀರಾಯ್ತದೆ."

ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವರಿಗೆ ಯಾವ ಪಾಠವೂ ಬೇಕಾಗಿಲ್ಲ ನೋಡಿ. ಥಂಡಿ ಕಾಲದಲ್ಲಿ ಹುಳದ ಮನೆಯಲ್ಲಿ ತೇವ ನಿಂತರೆ ಸುಣ್ಣಕಟ್ಟು ರೋಗ ಬರುತ್ತೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪಿಗಿಂತ ಗಾಳಿ ಮುಖ್ಯ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. ಮನುಷ್ಯನ ಉಸಿರಲ್ಲಿ, ಬೆವರಲ್ಲಿ ರಾತ್ರಿಯೆಲ್ಲ ಸೇರಿ ಒಂದು ಲೋಟದಷ್ಟಾದರೂ ನೀರು ಹೊರಗೆ ಬರುತ್ತೆ. ಹೊರಗೆ ಥಂಡಿ, ಒಳಗೆ ಬೆಚ್ಚಗೆ, ನಡುವೆ ಒಂದೇ ಪದರದ ಪ್ಲಾಸ್ಟಿಕ್ ಬಟ್ಟೆ ಇದ್ದರೆ ಆ ನೀರು ಬಟ್ಟೆಗೆ ತಾಕಿ ಹನಿಯಾಗಿ ನಮ್ಮ ಮೇಲೆಯೇ ಬೀಳುತ್ತೆ. ನ್ಯುಮೋನಿಯಾ ಬಂದು ಎದ್ದವರನ್ನು ಮಳೆಯಿಂದ ತಪ್ಪಿಸಿ ಈ ಬೆವರಿನಲ್ಲಿ ಮಲಗಿಸಿದರೆ ಏನು ಬಂತು?

ಆ ಟೆಂಟನ್ನು ವಾಪಸ್ ಕಳಿಸೋಣ ಅಂದರೆ ಬಂದ ಹಾಗೆ ಮಡಿಸಲು ಬರಬೇಕಲ್ಲ. ಈಗ ಅದು ಹಿತ್ತಿಲಲ್ಲಿದೆ. ಮೇಕೆ ಮರಿಗಳು ಮಲಗುತ್ತವೆ.

ಅದಾದ ನಾಲ್ಕೈದು ದಿನಕ್ಕೆ ಒಂದು ವರದಿಗೆ ಯಳಂದೂರು ಕಡೆ ಹೋಗಿದ್ದೆ. ಕಬ್ಬಿನ ಗದ್ದೆಯ ಪಕ್ಕ ಗ್ಯಾಂಗಿನವರ ಗುಡಾರಗಳಿದ್ದವು. ಒಬ್ಬ ಹಿರಿಯರ ಹತ್ತಿರ ಮಾತಿಗೆ ಕೂತು, ಮಳೆಗೆ ಹೇಗೆ ಸುಧಾರಿಸುತ್ತೀರಿ ಅಂತ ಕೇಳಿದೆ. ಅವರು ಗುಡಾರವನ್ನು ತೋರಿಸಲಿಲ್ಲ, ನೆಲ ತೋರಿಸಿದರು. ಗದ್ದೆಗಿಂತ ಒಂದು ಗೇಣು ಎತ್ತರದ ಜಾಗ, ಸುತ್ತಲೂ ಗುದ್ದಲಿಯಲ್ಲಿ ಎಳೆದ ಸಣ್ಣ ಕಾಲುವೆ, ಬಾಗಿಲು ಗಾಳಿಗೆ ಬೆನ್ನು ಮಾಡಿ. "ಬಟ್ಟಿ ಎಂಥದಾರ ಇರ್ಲಿರಿ ಸರ, ಜಾಗ ಚಲೋ ಇರ್ಬೇಕು" ಅಂದರು, ಉತ್ತರ ಕರ್ನಾಟಕದವರು. ದುಡ್ಡು ಕೊಟ್ಟು ಕಲಿತದ್ದಕ್ಕಿಂತ ಅಲ್ಲಿ ಪುಕ್ಕಟೆ ಕಲಿತದ್ದು ಜಾಸ್ತಿ.

ಅದರ ಮಾರನೇ ದಿನ ಮೈಸೂರಿಗೆ ಹೋದೆ. ಈ ಸಲ ಫೋಟೋ ನೋಡಿ ತರೋದು ಬೇಡ, ಒಳಗೆ ಮಲಗಿ ನೋಡಿ ತರೋಣ ಅಂತ. ಅಂಗಡಿಯ ಹುಡುಗ ಒಳ್ಳೆಯವನು. "ಎಷ್ಟು ಜನ ಸರ್?" ಅಂದ. ಇಬ್ಬರು ಅಂದೆ. "ಹಾಗಾದ್ರೆ ಮೂರು ಜನದ್ದು ತಗೊಳ್ಳಿ" ಅಂದ. ವ್ಯಾಪಾರದ ಮಾತು ಅಂದುಕೊಂಡೆ. ಆಮೇಲೆ ಅಳತೆ ನೋಡಿದರೆ ಅವನು ಹೇಳಿದ್ದೇ ಸರಿ. ಕಂಪನಿಯವರು ಒಬ್ಬ ಮನುಷ್ಯನಿಗೆ ಹಿಡಿಯುವ ಲೆಕ್ಕ ಸುಮಾರು 60 ಸೆಂಟಿಮೀಟರ್, ಅಂದರೆ ಎರಡೇ ಅಡಿ. ನಮ್ಮ ಮನೆಯ ಚಾಪೆ ಮೂರಡಿ. ಚೀಲ ಎಲ್ಲಿಡೋದು, ಕೈ ಎಲ್ಲಿಡೋದು? ಮೂರು ಜನದ್ದು ಅಂತ ಬರೆದಿದ್ದರೆ ಇಬ್ಬರಿಗೆ, ನಾಲ್ಕು ಅಂತ ಬರೆದಿದ್ದರೆ ಮೂವರಿಗೆ ಅಂತ ಓದಿಕೊಳ್ಳಿ.

ಎರಡು ಪದರ ಇರಲೇಬೇಕು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ಒಳಗೆ ಉಸಿರಾಡುವ ತೆಳು ಬಟ್ಟೆ ಮತ್ತು ಸೊಳ್ಳೆಪರದೆ, ಮೇಲೆ ನಾಲ್ಕು ಬೆರಳು ಬಿಟ್ಟು ಇನ್ನೊಂದು ಮಳೆಬಟ್ಟೆ. ಬೆವರು ಮೇಲಿನ ಪದರಕ್ಕೆ ಹೋಗಿ ಅಂಚಿನ ಕಡೆ ಇಳಿಯುತ್ತೆ, ನಮ್ಮ ಮೇಲೆ ಬೀಳಲ್ಲ. ಚೀಟಿಯಲ್ಲಿ 2000 ಮಿ.ಮೀ., 3000 ಮಿ.ಮೀ. ಅಂತ ಬರೆದಿರುತ್ತೆ. ಅಷ್ಟು ಮಳೆ ತಡೆಯುತ್ತೆ ಅಂತ ನಾನು ತಿಳಿದಿದ್ದೆ, ಅದಲ್ಲ. ಆ ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ಅಷ್ಟು ಎತ್ತರ ನೀರು ತುಂಬಿದರೂ ಸೋರಲ್ಲ ಅಂತ ಅರ್ಥ. ನೆಲದ ಬಟ್ಟೆಗೆ ಈ ಸಂಖ್ಯೆ ಇನ್ನೂ ಜಾಸ್ತಿ ಇರಬೇಕು, ಯಾಕೆಂದರೆ ನಮ್ಮ ಮೊಣಕಾಲು, ಮೊಣಕೈ ಊರಿದಾಗ ಒದ್ದೆ ನೆಲದ ನೀರು ಒತ್ತಡಕ್ಕೆ ಮೇಲೆ ಬರುತ್ತೆ. ಹೊಲಿಗೆಯ ಮೇಲೆ ಒಳಗಿಂದ ಪಟ್ಟಿ ಅಂಟಿಸಿದೆಯಾ ಅಂತಲೂ ನೋಡಿ. ಬಟ್ಟೆ ಚೆನ್ನಾಗಿದ್ದು ಸೂಜಿ ತೂತಿಂದ ಸೋರುವ ಟೆಂಟುಗಳೂ ಇವೆಯಂತೆ.

ಆದರೆ ನನ್ನ ಚಿಂತೆ ಬೇರೆ ಇತ್ತು. ಅಪ್ಪ ರಾತ್ರಿ ಮೂರು ಸಲ ಒಂದಕ್ಕೆ ಏಳುತ್ತಾರೆ. ಮೊಣಕಾಲು ಮಡಿಸೋಕೆ ಕಷ್ಟ. ಒಂದೇ ಬಾಗಿಲಿದ್ದರೆ ನನ್ನನ್ನು ದಾಟಿಕೊಂಡು ಹೋಗಬೇಕು, ಮಗನ ನಿದ್ದೆ ಕೆಡುತ್ತೆ ಅಂತ ತಡೆದುಕೊಂಡೇ ಮಲಗುತ್ತಾರೆ. ಅವರು ಅಂಥವರು. ಅದಕ್ಕೆ ಎರಡು ಕಡೆ ಬಾಗಿಲಿರುವುದು, ಕೂತು ಪಂಚೆ ಉಟ್ಟುಕೊಳ್ಳುವಷ್ಟು ಎತ್ತರ ಇರುವುದು ಬೇಕಿತ್ತು. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ, ಅಲ್ಲೆಲ್ಲ ಇಪ್ಪತ್ತೈದು ವರ್ಷದ ಹುಡುಗರೇ. ಅಂಗಡಿಯಲ್ಲಿ ನಾನು ಅಪ್ಪನ ಹಾಗೆ ಕಾಲು ನೀಡಿ ಕೂತು, ಒಂದು ಕೈ ಊರಿ, ಎದ್ದು ನೋಡಿದೆ. ಹುಡುಗ ನಗಲಿಲ್ಲ. ಬಾಗಿಲ ಮುಂದೆ ಚಪ್ಪಲಿ, ಚೀಲ ಇಡುವಷ್ಟು ಸಣ್ಣ ಜಗುಲಿಯಂಥ ಮರೆ ಇದ್ದದ್ದು ಇನ್ನೂ ಅನುಕೂಲ ಅನಿಸಿತು.

ಐದು ಸಾವಿರದ ಇನ್ನೂರು. ನನಗೆ ಸುದ್ದಿಗೆ ಇಷ್ಟು ಅಂತ ಬರುವ ದುಡ್ಡಿನಲ್ಲಿ ಅದು ಎಷ್ಟು ಸುದ್ದಿ ಅಂತ ಬಸ್ಸಲ್ಲಿ ಲೆಕ್ಕ ಹಾಕಿ ಬಿಟ್ಟುಬಿಟ್ಟೆ. ಅರ್ಧ ಅಕ್ಕ ಹಾಕಿದಳು. ಮನೆಗೆ ಬಂದು ಇನ್ನೆರಡು ಖರ್ಚು ಮಾಡಿದೆ: ಟೆಂಟಿನ ಜೊತೆ ಬಂದ ತಂತಿ ಗೂಟ ನಮ್ಮ ಗರಸು ನೆಲಕ್ಕೆ ಬಾಗಿ ಹೋಗುತ್ತೆ, ಅದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಎಂಟು ಇಂಚಿನ ಕಬ್ಬಿಣದ ಮೊಳೆ. ಮತ್ತೆ ರಾತ್ರಿ ಹೊತ್ತು ಗಾಡಿಯವರಿಗೆ ಕಾಣಲಿ ಅಂತ ಹಗ್ಗಗಳಿಗೆ ಸುತ್ತಲು ಹೊಳೆಯುವ ಪಟ್ಟಿ. ಪಾದಯಾತ್ರೆಯಲ್ಲಿ ಮಳೆಗಿಂತ ದೊಡ್ಡ ಭಯ ನನಗೆ ರಸ್ತೆಯದೇ. ಅಪಘಾತದ ಸುದ್ದಿ ಬರೆಯುವವನು ನಾನು.

ಕಾಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೆಂಟು ತಂದ ಸುದ್ದಿ ಕೇಳಿ ನಮ್ಮೂರಿನ ನಾಲ್ಕು ಹುಡುಗರು, "ಅಣ್ಣ, ತಾಳಬೆಟ್ಟದ ಮೇಲೆ ಕಾಡೊಳಗೆ ಹಾಕವ, ರೀಲ್ಸ್ ಚೆನ್ನಾಗಿ ಬತ್ತದೆ" ಅಂದರು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ಕಾಡು 2013ರಿಂದ ವನ್ಯಧಾಮ, ಕಾವೇರಿ ವನ್ಯಧಾಮ ಅದಕ್ಕೂ ಹಿಂದಿನದು. ಅಪ್ಪಣೆ ಇಲ್ಲದೆ ಅಲ್ಲಿ ಟೆಂಟು ಹಾಕಿದರೆ ಕೇಸು. ಕೇಸು ಹೋಗಲಿ, 2021ರ ಜನವರಿಯಲ್ಲಿ ಪಕ್ಕದ ವಯನಾಡಿನ ಮೇಪ್ಪಾಡಿ ಹತ್ತಿರ ರೆಸಾರ್ಟಿನ ಟೆಂಟಿಗೆ ಬಂದಿದ್ದ ಹೆಣ್ಣುಮಗಳನ್ನು ಆನೆ ಕೊಂದಿತ್ತು. ಬಟ್ಟೆ ಆನೆಗೆ ಗೋಡೆಯಲ್ಲ. ಕಾಡಲ್ಲಿ ಟೆಂಟಿನೊಳಗೆ ಮಲಗುವ ಆಸೆ ಇದ್ದವರು ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಟೆಂಟು ಮನೆಗಳಿವೆ, ದುಡ್ಡು ಕೊಟ್ಟು ಮಲಗಬಹುದು. ನಮ್ಮಂಥವರು ಊರಿನ ಮಗ್ಗುಲಲ್ಲಿ, ಕೇಳಿಕೊಂಡು ಮಲಗಬೇಕು.

ಹೊರಟೆವು. ನಾಲ್ಕು ಕೆಜಿ ಟೆಂಟು ನನ್ನ ಬೆನ್ನಿಗೆ. ಅಪ್ಪನ ಚೀಲದಲ್ಲಿ ಕಂಬಳಿ, ಅವ್ವನ ಹೆಸರಿನ ಮೀಸಲು ಅಕ್ಕಿ. ಬರಿಗಾಲು. ಮೊದಲ ರಾತ್ರಿ ಹನೂರಿನಲ್ಲಿ ಒಂದು ಶಾಲೆಯ ಬಯಲಿನಲ್ಲಿ, ಕಾವಲಿನವರನ್ನು ಕೇಳಿ ಟೆಂಟು ಹಾಕಿದೆ. ಹತ್ತು ನಿಮಿಷವಾಯಿತು. ಅಪ್ಪ ಬಗ್ಗಿ ಒಳಗೆ ನೋಡಿದರು, ಹೊರಗೆ ಬಂದರು. ಊರಿನವರೆಲ್ಲ ಟಾರ್ಪಾಲಿನ ಕೆಳಗೆ ಕೂತು ಮಾದಪ್ಪನ ಪದ ಹೇಳುತ್ತಿದ್ದರು.

"ನೀನು ಮಲಿಕ್ಕೊ ಮಗ. ನಾನು ಅಲ್ಲಿ ಅವ್ರ ಜೊತೆ ಇರ್ತೀನಿ. ಪಾದ್ಯಾತ್ರೇಲಿ ಬಂದು ಒಬ್ನೇ ಪೆಟ್ಟಿಗೇಲಿ ಮಲಗುದಾ?"

ಐದು ಸಾವಿರದ ಇನ್ನೂರು ರೂಪಾಯಿಯ ಟೆಂಟಿನಲ್ಲಿ ಆ ರಾತ್ರಿ ನಾನೊಬ್ಬನೇ ಮಲಗಿದೆ. ಕೋಪ ಬಂದಿತ್ತು. ಆಮೇಲೆ ಯೋಚನೆ ಮಾಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಮಳೆ ಇರಲಿಲ್ಲ, ಸುತ್ತ ಹತ್ತು ಜನ ಮೈಗೆ ಮೈ ಒತ್ತಿಕೊಂಡು ಬೆಚ್ಚಗೆ ಮಲಗಿದ್ದರು. ಟೆಂಟು ಬೇಕಾದ ರಾತ್ರಿ ಅದಲ್ಲ.

ಬೇಕಾದ ರಾತ್ರಿ ಮಾರನೇ ದಿನ ಬಂತು. ಕೌದಳ್ಳಿ ಸೇರುವ ಹೊತ್ತಿಗೆ ಮಲೆ ಕಡೆ ಕಪ್ಪಿಟ್ಟಿತ್ತು. ಚಿತ್ತೆ ಮಳೆ, ಗುಡುಗು ಜಾಸ್ತಿ. ಒಂಟಿ ಮರದ ಕೆಳಗೆ ಬೇಡ, ಒಣಗಿದ ಹಳ್ಳದ ಪಾತ್ರದಲ್ಲಿ ಬೇಡ ಅಂತ ಹುಡುಕಿ, ಒಂದು ಅಂಗಡಿಯ ಹಿಂದೆ ಸ್ವಲ್ಪ ದಿಬ್ಬದ ಜಾಗ, ಅಂಗಡಿಯ ಅಮ್ಮನನ್ನು ಕೇಳಿ ಟೆಂಟು ಹಾಕಿದೆ. ಗುದ್ದಲಿ ಇಸ್ಕೊಂಡು ಮೇಲ್ಗಡೆ ಮಾತ್ರ ಒಂದು ಗೀರು ಕಾಲುವೆ ಎಳೆದೆ. ಕೆಳಗೆ ಹಾಸುವ ಪ್ಲಾಸ್ಟಿಕ್ಕಿನ ಅಂಚು ಟೆಂಟಿನಿಂದ ಹೊರಗೆ ಚಾಚದ ಹಾಗೆ ಒಳಕ್ಕೆ ಮಡಿಸಿದೆ. ಚಾಚಿದರೆ ಮಳೆಬಟ್ಟೆಯಿಂದ ಇಳಿದ ನೀರನ್ನು ಅದೇ ಹಿಡಿದು ಅಡಿಗೆ ತುಂಬುತ್ತೆ. ಒಂಬತ್ತು ಗಂಟೆಗೆ ಮಳೆ ಹಿಡಿಯಿತು. ಅಪ್ಪ ಏನೂ ಮಾತಾಡದೆ ಒಳಗೆ ಬಂದರು.

ಸ್ವಲ್ಪ ಹೊತ್ತಿಗೆ ಹೊರಗಿಂದ ಒಂದು ಹೆಂಗಸಿನ ದನಿ. "ಅಣ್ಣೋ, ನನ್ ಮೊಗ ಒಂದ್ನ ಒಳಕ್ಕೆ ಬುಟ್ಕಳಿ, ನಾವು ಅಂಗ್ಡಿ ಜಗ್ಲಿ ಮ್ಯಾಲೆ ಇರ್ತೀವಿ." ಏಳೆಂಟು ವರ್ಷದ ಹುಡುಗ, ನಡುಗುತ್ತಿದ್ದ. ನಾನು ಜಾಗ ಲೆಕ್ಕ ಹಾಕುವ ಮೊದಲೇ ಅಪ್ಪ "ಬಾ ಮೊಗ" ಅಂದು ತಮ್ಮ ಕಡೆಯ ಬಾಗಿಲು ಬಿಚ್ಚಿದ್ದರು. ಟವಲಿನಲ್ಲಿ ಅವನ ತಲೆ ಒರೆಸಿ ನಡುವೆ ಮಲಗಿಸಿದರು. ಅವನಿಗೆ ಚಳಿ ಅಂತ ಜಿಪ್ಪು ಪೂರ್ತಿ ಮುಚ್ಚಲು ಹೋದೆ. "ಮ್ಯಾಲ್ಗಡೆ ಒಂಚೂರು ಬುಡು, ಹುಳದ ಮನೆ ಮರ್ತೆಯಾ?" ಅಂದರು.

ಮಳೆ ಎರಡು ಗಂಟೆವರೆಗೆ ಸುರಿಯಿತು. ಗಾಳಿಗೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಪದೇ ಪದೇ ಕೈ ಆಡಿಸಿ ನೆಲ ಮುಟ್ಟಿ ನೋಡುತ್ತಿದ್ದೆ. ಒಣಗಿತ್ತು. ಒಂದು ಮೂಲೆಯಲ್ಲಿ ಮಾತ್ರ, ಒಳಬಟ್ಟೆಗೆ ನನ್ನ ಚೀಲ ಒತ್ತಿಕೊಂಡಿದ್ದ ಕಡೆ, ಸ್ವಲ್ಪ ಹಸಿ. ಎಳೆದು ಈಚೆಗಿಟ್ಟೆ. ಅಪ್ಪ ಕೆಮ್ಮಿದರೆ ಎಣಿಸುತ್ತಿದ್ದೆ. ನಾಲ್ಕು ಸಲ. ನಾಲ್ಕನೆಯದು ಕೆಮ್ಮಲ್ಲ, ಗಂಟಲು ಸರಿ ಮಾಡಿಕೊಂಡದ್ದು. ಒಂದು ಹೊತ್ತಿನಲ್ಲಿ ಅವರು ಕತ್ತಲಲ್ಲೇ ಹೇಳಿದರು: "ಮೂರ್ನೇ ವರ್ಸ ನಿಮ್ಮವ್ವಂಗೆ ಇಲ್ಲೇ ಕಾಲು ಒಡ್ದು ರಕ್ತ ಬಂದಿತ್ತು. ಬಸ್ ಅತ್ತು ಅಂದೆ. ಮಾತಾಡ್ನಿಲ್ಲ, ಸೀರೆ ಸೆರಗು ಹರ್ದು ಕಟ್ಕಂಡು ನಡುದ್ಲು." ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಹೂಂ ಅಂದೆ. ಹುಡುಗ ನಿದ್ದೆಯಲ್ಲಿ ಇಬ್ಬರಿಗೂ ಒದೆಯುತ್ತಿದ್ದ.

ಬೆಳಗ್ಗೆ ಅಪ್ಪನ ಕಂಬಳಿ ಒಣಗಿತ್ತು. "ಮಳೆ ಬುಡ್ತು, ಈ ಮೊಗ ಬುಡ್ನಿಲ್ಲ, ಪಕ್ಕೆ ಎಲ್ಲಾ ನೋವು" ಅಂತ ಗೊಣಗಿಕೊಂಡು ಎದ್ದರು. ತಾಳಬೆಟ್ಟದಲ್ಲಿ ಪೂಜೆ ಮಾಡಿಸಿ, ಗುಂಪಿನ ಜೊತೆ ಹಗಲಲ್ಲೇ ಕಾಡು ದಾಟಿ ಬೆಟ್ಟ ಸೇರಿದೆವು. ದೀಪಾವಳಿ ಅಮಾವಾಸ್ಯೆಯ ಹಾಲರವಿ ನೋಡಿದೆವು. ಬೇಡಗಂಪಣರ 101 ಹೆಣ್ಣುಮಕ್ಕಳು ಹಾಲರವಿ ಹೊತ್ತು ಸಾಲಾಗಿ ಬರುವಾಗ ಅಪ್ಪ ಕೈ ಮುಗಿದವರು ಕೊನೆಯ ಹುಡುಗಿ ದಾಟುವವರೆಗೂ ಇಳಿಸಲಿಲ್ಲ. ಮೀಸಲು ಅಕ್ಕಿ ಒಪ್ಪಿಸಿದರು. ವಾಪಸ್ ಬಸ್ಸಲ್ಲಿ ಬಂದೆವು. ಮೂರನೇ ದಿನ ಕಳೆಯಿತು, ವಾರ ಕಳೆಯಿತು, ಜ್ವರ ಬರಲಿಲ್ಲ.

ಟೆಂಟನ್ನು ಒದ್ದೆಯಲ್ಲೇ ಮಡಿಸಿ ತಂದಿದ್ದೆ. ಹಾಗೇ ಇಟ್ಟರೆ ಬೂಸಲು ಹಿಡಿದು ಒಳಗಿನ ಲೇಪ ಏಳುತ್ತೆ. ಮನೆಗೆ ಬಂದ ದಿನವೇ ಹುಳದ ಮನೆಯೊಳಗೆ ಚಂದ್ರಿಕೆ ನಿಲ್ಲಿಸುವ ಜಾಗದಲ್ಲಿ ನೆರಳಿಗೆ ಹಗ್ಗ ಕಟ್ಟಿ ಹರಡಿದೆವು. ಅಪ್ಪನೇ ದಿನಕ್ಕೆರಡು ಸಲ ಮಗ್ಗುಲು ತಿರುಗಿಸಿ ಹಾಕುತ್ತಿದ್ದರು. ಶಿವರಾತ್ರಿಗೆ ನಮಗೆ ಕೊಡಿ ಅಂತ ಬೀದಿಯ ಇಬ್ಬರು ಆಗಲೇ ಕೇಳಿ ಹೋಗಿದ್ದಾರೆ. ಒಣಗಿಸಿ ತಂದುಕೊಡುವುದಾದರೆ ಮಾತ್ರ ಅಂತ ಅಪ್ಪ ಕರಾರು ಹಾಕಿದ್ದಾರೆ.

ಮೂರನೇ ದಿನ ಮಡಿಸುವಾಗ ಒಂದು ತುದಿ ಅವರು ಹಿಡಿದಿದ್ದರು, ಇನ್ನೊಂದು ತುದಿ ನಾನು.

"ಇದು ಎಷ್ಟ್ ವರ್ಸ ಬಾಳ್ಕೆ ಬತ್ತದ್ಲಾ?" ಅಂದರು.

"ಹಿಂಗೇ ನೋಡ್ಕಂಡ್ರೆ ಐದಾರು ವರ್ಷ ಬತ್ತದೆ ಕನಪ್ಪ. ಯಾಕೆ? ಹರಕೆ ಮುಗೀತಲ್ಲ."

"ಸುಮ್ನೆ ಕೇಳ್ದೆ" ಅಂದು, ಮೊಳೆಗಳನ್ನು ಎಣಿಸಿ ಚೀಲಕ್ಕೆ ಹಾಕತೊಡಗಿದರು.